ಸೆಗ್‌ವಿಟ್

ಬಿಟ್‌ಕಾಯಿನ್ ಜಾಲ ಹೆಚ್ಚು ವಹಿವಾಟುಗಳನ್ನು ನಿಭಾಯಿಸುವಂತೆ ಮಾಡಿದ ನಿಯಮ ಪರಿಷ್ಕರಣೆ. ಪೂರ್ಣ ಹೆಸರು ಸೆಗ್ರಿಗೇಟೆಡ್ ವಿಟ್‌ನೆಸ್. 2017ರ ಆಗಸ್ಟ್ 24ರಂದು 4,81,824ನೆಯ ಬ್ಲಾಕಿನಿಂದ ಜಾರಿಗೆ ಬಂತು.

ಬಿಟ್‌ಕಾಯಿನ್ ವಹಿವಾಟುಗಳು ಸರಾಸರಿ ಹತ್ತು ನಿಮಿಷಕ್ಕೊಂದರಂತೆ ಹುಟ್ಟುವ ಬ್ಲಾಕುಗಳಲ್ಲಿ ದಾಖಲಾಗುತ್ತವೆ. ಸತೋಷಿ ನಕಮೊಟೊ ಎಂಬ ಹೆಸರಿನಲ್ಲಿ ಬಿಟ್‌ಕಾಯಿನ್ ರೂಪಿಸಿದವರು 2010ರಲ್ಲಿ ಬ್ಲಾಕಿಗೆ 1 ಮೆಗಾಬೈಟಿನ ಮಿತಿ ಹಾಕಿದರು. ಬಳಕೆದಾರರು ಕಡಿಮೆಯಿದ್ದಾಗ ಅದರ ಬಿಸಿ ಯಾರಿಗೂ ತಟ್ಟಲಿಲ್ಲ. ಜನ ಹೆಚ್ಚಿದಂತೆ, ಸೆಕೆಂಡಿಗೆ ಏಳು ವಹಿವಾಟನ್ನೂ ಮುಟ್ಟಲಾಗದ ಜಾಲದಲ್ಲಿ ಹೆಚ್ಚು ಶುಲ್ಕ ಕೊಟ್ಟವರ ಕೆಲಸ ಮೊದಲಾಯಿತು, ಉಳಿದವರು ಕಾಯಬೇಕಾಯಿತು.

ಮಿತಿಯನ್ನು ನೇರವಾಗಿ ಏರಿಸಿದರೆ ಹಳೆಯ ತಂತ್ರಾಂಶ ಬಳಸುವವರೆಲ್ಲ ಜಾಲದಿಂದ ಹೊರಗುಳಿಯುತ್ತಾರೆ. 2015ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗಿನ ಸಮ್ಮೇಳನದಲ್ಲಿ ಬಿಟ್‌ಕಾಯಿನ್ ತಂತ್ರಾಂಶ ಬರೆಯುವವರಲ್ಲೊಬ್ಬರಾದ ಪೀಟರ್ ವುಯ್ಲೆ ಸೂಚಿಸಿದ ದಾರಿ ಜಾಣತನದ್ದು. ಬ್ಲಾಕಿಗೆ 40 ಲಕ್ಷ ಘಟಕಗಳ ‘ತೂಕ’ವೇ ಮಿತಿ, ವಹಿವಾಟನ್ನು ದೃಢೀಕರಿಸುವ ಸಹಿಯ ಪ್ರತಿ ಬೈಟಿಗೆ 1 ಘಟಕ, ಉಳಿದ ಪ್ರತಿ ಬೈಟಿಗೆ 4. ಒಂದು ವಹಿವಾಟು 200 ಬೈಟಿನದು, ಅದರಲ್ಲಿ ಅರ್ಧ ಸಹಿ ಎಂದುಕೊಳ್ಳಿ. ಹಳೆಯ ಲೆಕ್ಕದಲ್ಲಿ ಬ್ಲಾಕಿನೊಳಗೆ ಇಂಥವು 5,000 ಹಿಡಿಸಿದರೆ, ಹೊಸ ಲೆಕ್ಕದಲ್ಲಿ ಒಂದೊಂದರ ತೂಕ 500 ಘಟಕಕ್ಕಿಳಿದು 8,000 ಹಿಡಿಸುತ್ತವೆ. ಹಳೆಯ ತಂತ್ರಾಂಶಕ್ಕೆ ಸಹಿಗಳನ್ನು ತೆಗೆದ ಬ್ಲಾಕಷ್ಟೇ ತಲುಪುವುದರಿಂದ ಅದರ ಪಾಲಿಗೆ 1 ಮೆಗಾಬೈಟಿನ ನಿಯಮ ಮುರಿದಂತಾಗುವುದಿಲ್ಲ. ಜೊತೆಗೆ, ಸಹಿಯನ್ನು ತುಸು ತಿದ್ದಿ ವಹಿವಾಟಿನ ಗುರುತುಸಂಖ್ಯೆಯನ್ನೇ ಬದಲಿಸಬಹುದಾಗಿದ್ದ ಹಳೆಯ ದೋಷವೂ ನಿವಾರಣೆಯಾಯಿತು. ಸಣ್ಣ ಪಾವತಿಗಳನ್ನು ಬ್ಲಾಕುಗಳ ಹೊರಗೇ ನಡೆಸುವ ಲೈಟ್ನಿಂಗ್ ಜಾಲಕ್ಕೆ ದಾರಿಯಾದದ್ದು ಇದರಿಂದಲೇ.

ತಂತ್ರ ಸರಳವಾದರೂ ಜಾರಿ ಸುಲಭವಾಗಲಿಲ್ಲ. ಮೊದಲ ಯೋಜನೆಯಂತೆ ಶೇ. 95ರಷ್ಟು ಬ್ಲಾಕುಗಳಲ್ಲಿ ಅವನ್ನು ಹುಟ್ಟಿಸುವ ಗಣಿಗಾರರ ಒಪ್ಪಿಗೆ ಕಾಣಿಸಬೇಕಿತ್ತು. ತಿಂಗಳುಗಟ್ಟಲೆ ಅದು ಸಿಗಲಿಲ್ಲ. ಒಪ್ಪಿಗೆ ಸೂಚಿಸದ ಬ್ಲಾಕುಗಳನ್ನು 2017ರ ಆಗಸ್ಟ್ 1ರಿಂದ ತಿರಸ್ಕರಿಸುತ್ತೇವೆಂದು ಬಳಕೆದಾರರ ಒಂದು ಗುಂಪು ಪಟ್ಟುಹಿಡಿಯಿತು. ದೊಡ್ಡ ಬ್ಲಾಕೇ ಬೇಕೆಂದವರು ಅದೇ ದಿನ ಬೇರೆಯಾಗಿ, 8 ಮೆಗಾಬೈಟ್ ಮಿತಿಯ ಬಿಟ್‌ಕಾಯಿನ್ ಕ್ಯಾಶ್ ಕಟ್ಟಿದರು. ಬೈಟುಗಳ ಹೆಸರಿನಲ್ಲಿ ನಡೆದ ಈ ಜಗಳದ ಮೂಲದಲ್ಲಿದ್ದದ್ದು ನಿಯಮ ಬರೆಯುವ ಅಧಿಕಾರ ಯಾರದೆಂಬ ಪ್ರಶ್ನೆ.

ಫಲ ಕೂಡಲೇ ಕಾಣಲಿಲ್ಲ. ವಾಲೆಟ್‌ಗಳು, ವಿನಿಮಯ ಕೇಂದ್ರಗಳು ಹೊಸ ಬಗೆಯ ವಿಳಾಸಗಳಿಗೆ ಹೊರಳಿದರೆ ಮಾತ್ರ ಜಾಗ ಉಳಿಯುತ್ತಿತ್ತು. 2017ರ ಡಿಸೆಂಬರಿನಲ್ಲಿ ವಹಿವಾಟುಗಳ ನೂಕುನುಗ್ಗಲಾದ ಹೊತ್ತಿಗೆ ಹೆಚ್ಚಿನವು ಹೊರಳಿರಲಿಲ್ಲ. ವಹಿವಾಟೊಂದರ ಸರಾಸರಿ ಶುಲ್ಕ ಆಗ 50 ಡಾಲರ್ ದಾಟಿತು. 2021ರ ನವೆಂಬರಿನಲ್ಲಿ ಬಂದ, ಶ್ನೋರ್ ಸಹಿಗಳನ್ನು ಬಳಸುವ ಟ್ಯಾಪ್‌ರೂಟ್ ಪರಿಷ್ಕರಣೆಯೂ ಸೆಗ್‌ವಿಟ್‌ನ ಚೌಕಟ್ಟಿನಲ್ಲೇ ಕೆಲಸ ಮಾಡುತ್ತದೆ.