ನೆತ್ತರುಕೊಡಗಿಯ ನಾಡಿನಲ್ಲಿ

ಗಂಗರು, ನೊಳಂಬರು, ಬಾಣರು ಕಾದಾಡಿದ ಸೀಮೆ ನಮ್ಮ ಕೋಲಾರ. ಇಲ್ಲಿ ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ವೀರಗಲ್ಲುಗಳು ಸಿಗುತ್ತವೆ. ಬಿ.ಎಲ್. ರೈಸ್ ಈ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟವಾಗಿ 1905ರಲ್ಲೇ ಹೊರತಂದರು. ಆವಣಿಯ ಗುಡಿಗಳಿಗೆ ಬರುವವರು ಈ ಕಲ್ಲುಗಳ ಮುಂದೆ ನಿಲ್ಲುವುದು ಅಪರೂಪ.

ನನ್ನನ್ನು ಇವುಗಳ ಮುಂದೆ ನಿಲ್ಲಿಸಿದ್ದು ಗೆಳೆಯನ ಸಾವು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ರಾತ್ರಿಯೆಲ್ಲ ಲಾರಿಗೆ ಲೋಡ್ ಮಾಡಿಸಿದವನು ಬೆಳಗ್ಗೆ ಟೀ ಲೋಟ ಹಿಡಿದೇ ಕುಸಿದ. ಬಿಪಿ ಇಲ್ಲ, ಶುಗರ್ ಇಲ್ಲ. ಸೂತಕ ಮನೆಯವರಿಗೆ, ತಿಥಿಯೂ ಅವರದೇ. ಮೂವತ್ತು ವರ್ಷ ಹೆಗಲಿಗೆ ಹೆಗಲು ಕೊಟ್ಟ ಗೆಳೆಯನಿಗೆ ನಮ್ಮ ರೂಢಿಯಲ್ಲಿ ಒಂದು ಕೆಲಸವೂ ಇಲ್ಲ. ನನಗೆ ಇದು ತಪ್ಪೆನಿಸುತ್ತದೆ.

ಮೂರು ಹಂತದ ವೀರಗಲ್ಲನ್ನು ಕೆಳಗಿನಿಂದ ನೋಡಬೇಕು. ಕೆಳಗೆ ಕಾಳಗ, ಕೆಲವೆಡೆ ದನಗಳ ಸಾಲೂ ಇರುತ್ತದೆ. ನಡುವೆ ಅಪ್ಸರೆಯರು ವೀರನ ಎರಡು ತೋಳು ಹಿಡಿದು ಮೇಲಕ್ಕೊಯ್ಯುತ್ತಾರೆ. ತುದಿಯಲ್ಲಿ ಅವನು ಶಿವಲಿಂಗದ ಮುಂದೆ ಕೂತಿದ್ದಾನೆ. ಹಗೆಗಳು ಹೊಡೆದೊಯ್ದ ದನ ಬಿಡಿಸಲು ಹೋಗಿ ಸತ್ತವರೂ ಬೆಳಗ್ಗೆ ಗಟ್ಟಿಮುಟ್ಟಾಗಿದ್ದ ಹುಡುಗರೇ.

ಆ ಕಾಲದವರು ಕಲ್ಲು ನಿಲ್ಲಿಸಿ ಕೈ ತೊಳೆದುಕೊಳ್ಳಲಿಲ್ಲ. ಎಷ್ಟೋ ಕಡೆ ಸತ್ತವನ ಮನೆಯವರ ಬದುಕಿಗೆ ನೆತ್ತರುಕೊಡಗಿ ಎಂದು ಜಮೀನು ಬಿಟ್ಟರು. ನನ್ನ ದುಃಖಕ್ಕೆ ದಾರಿ ತೋರಿಸಿದ್ದು ಈ ಪದ್ಧತಿಯೇ. ಗೆಳೆಯನ ಮಂಡಿ ಲೆಕ್ಕ, ಬರಬೇಕಾದ ಬಾಕಿ, ಮಗಳ ಕಾಲೇಜು ಫೀಸು ಈಗ ನಾನು ನೋಡಿಕೊಳ್ಳುತ್ತಿದ್ದೇನೆ.

ನಿಮ್ಮ ಗೆಳೆಯನೊಬ್ಬ ಹೀಗೆ ಹೋಗಿದ್ದರೆ ತಿಥಿ ಊಟಕ್ಕೇ ನಿಲ್ಲಿಸಬೇಡಿ; ಮುಂದಿನ ತಿಂಗಳೂ ಆ ಮನೆಗೆ ಹೋಗಿ. ಕೆರೆ ಹೂಳೆತ್ತಲು ಜೆಸಿಬಿ ತರುವವರು ದಯವಿಟ್ಟು ಏರಿಯ ವೀರಗಲ್ಲುಗಳನ್ನು ಕೀಳಬೇಡಿ.