ಸೀಸದಕಡ್ಡಿ ಹಿಡಿಯದ ಕೈ: ತೀವ್ರ ಮನೋರೋಗದ ಸಂಶೋಧನೆಗೆ ಅರಿವಿನ ಪರೀಕ್ಷೆಗಳ ಆಯ್ಕೆ, ಬೆಂಗಳೂರು ಗ್ರಾಮಾಂತರದ ನೆಲೆಯಿಂದ

ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ಶುರುವಾಗಿ ಕೆಲವು ತಿಂಗಳಾದ ಮೇಲೆ ಮನೆಯವರ ದೂರು ಬದಲಾಗುತ್ತದೆ. ಒಬ್ಬನೇ ಮಾತಾಡಿಕೊಳ್ಳುವುದು, ಅನುಮಾನಪಡುವುದು ತಗ್ಗಿರುತ್ತದೆ. 'ಹೇಳಿದ್ದು ನೆನಪಿರಲ್ಲ, ಮಂಕಾಗಿದಾನೆ, ಹಿಡಿದ ಕೆಲಸ ಅರ್ಧಕ್ಕೇ ಬಿಡ್ತಾನೆ' ಎಂಬ ಮಾತು ಉಳಿಯುತ್ತದೆ. ಈ ಉಳಿಕೆಯೇ ಅರಿವಿನ ಕೊರತೆ. ಔಷಧ ಇದನ್ನು ಅಷ್ಟಾಗಿ ಮುಟ್ಟುವುದಿಲ್ಲ, ರೋಗಿ ದುಡಿಮೆಗೆ ಮರಳುವುದು ಮಾತ್ರ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ. ಹಾಗಾಗಿ ಇದನ್ನು ಅಳೆಯಬೇಕು. ಯಾವುದರಿಂದ ಅಳೆಯಬೇಕೆಂಬುದು ಈ ಲೇಖನದ ಪ್ರಶ್ನೆ.

ಈ ಕೊರತೆಗೆ ಮದ್ದು ಹುಡುಕುವ ಹೆಚ್ಚಿನ ಔಷಧ ಪ್ರಯೋಗಗಳು ಆರಿಸಿಕೊಳ್ಳುವುದು ಅಮೆರಿಕದಲ್ಲಿ ರೂಪುಗೊಂಡು 2008ರಲ್ಲಿ ಪ್ರಕಟವಾದ ಮ್ಯಾಟ್ರಿಕ್ಸ್ ಪರೀಕ್ಷಾಗುಚ್ಛವನ್ನು. ಏಳು ಕ್ಷೇತ್ರ, ಹತ್ತು ಪರೀಕ್ಷೆ, ಒಂದು ಗಂಟೆಗೆ ತುಸು ಹೆಚ್ಚು ಸಮಯ. ಅದರ ಆಯ್ಕೆಯ ಅಳತೆಗೋಲುಗಳು ಒಳ್ಳೆಯವು: ಮರುಪರೀಕ್ಷೆಯಲ್ಲಿ ಅಂಕ ಸ್ಥಿರವಾಗಿರಬೇಕು, ನಿತ್ಯಜೀವನದೊಂದಿಗೆ ಅದಕ್ಕೆ ನಂಟಿರಬೇಕು, ರೋಗಿ ತಾಳಿಕೊಳ್ಳುವಂತಿರಬೇಕು. ಈಗ ಆ ಹತ್ತನ್ನೂ ಶಾಲೆಯ ಮೆಟ್ಟಿಲು ಹತ್ತದ, ಹೊಸಕೋಟೆ ಕಡೆಯ ರೈತಮಹಿಳೆಯೊಬ್ಬಳ ಮುಂದೆ ಇಟ್ಟು ನೋಡೋಣ. ಅಂಕೆಗಳನ್ನು ಗೆರೆಯಿಂದ ಜೋಡಿಸುವುದು, ಚಿಹ್ನೆಗೆ ಅಂಕೆ ಬರೆಯುವುದು, ಆಕೃತಿ ನೆನಪಿಟ್ಟು ಚಿತ್ರಿಸುವುದು, ಚಕ್ರವ್ಯೂಹದಲ್ಲಿ ದಾರಿ ಎಳೆಯುವುದು: ಈ ನಾಲ್ಕಕ್ಕೂ ಸೀಸದಕಡ್ಡಿ ಪಳಗಿರಬೇಕು. ಗಮನದ ಪರೀಕ್ಷೆಗೆ ಪರದೆಯ ಮೇಲೆ ಮಿಂಚಿ ಮಾಯವಾಗುವ, ಎರಡರಿಂದ ನಾಲ್ಕಂಕಿಯವರೆಗಿನ ಸಂಖ್ಯೆ ಬೆನ್ನುಬೆನ್ನಿಗೆ ಅದೇ ಬಂದಾಗ ಗುರುತಿಸಬೇಕು. ಇನ್ನೊಂದಕ್ಕೆ ಅಕ್ಷರಗಳ ಅನುಕ್ರಮ ಬಾಯಿಪಾಠವಿರಬೇಕು. ಭಾವನೆಗಳನ್ನು ನಿಭಾಯಿಸುವ ಪರೀಕ್ಷೆಯ ಸನ್ನಿವೇಶಗಳು ಬೇರೆಯದೇ ಸಮಾಜದವು. ಉಳಿಯುವುದು ಮೂರು: ಪದಪಟ್ಟಿಯ ಕಲಿಕೆ, ಪ್ರಾಣಿಗಳ ಹೆಸರು ಹೇಳುವುದು, ಹಲಗೆಯ ಮೇಲಿನ ಗುಬಟುಗಳನ್ನು ತೋರಿಸಿದ ಕ್ರಮದಲ್ಲಿ ಮುಟ್ಟುವುದು. ಮಿಕ್ಕ ಏಳರಲ್ಲಿ ಅವಳ ಅಂಕ ತಗ್ಗಿದರೆ ಅದು ರೋಗದಿಂದಲೋ ಶಾಲೆ ಕಾಣದ್ದರಿಂದಲೋ ಬೇರ್ಪಡಿಸಿ ಹೇಳಲಾಗದು.

ಇದು ವಿರಳ ಪ್ರಸಂಗವಲ್ಲ. 2011ರ ಜನಗಣತಿಯಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಸಾಕ್ಷರತೆ ಶೇಕಡಾ 78ರ ಆಸುಪಾಸು, ಹೆಂಗಸರಲ್ಲಿ 71ರ ಆಸುಪಾಸು. 2008ರಿಂದ ವಿಮಾನಗಳು ಇಳಿಯುತ್ತಿರುವ ದೇವನಹಳ್ಳಿಯಲ್ಲಿ ಪದವಿ ಪಡೆದ ಮಗಳೂ ಹೆಬ್ಬೆಟ್ಟು ಒತ್ತುವ ತಾಯಿಯೂ ಒಂದೇ ಸೂರಿನಡಿ ಇರಬಲ್ಲರು.

'ಶಿಕ್ಷಣಕ್ಕೆ ತಕ್ಕಂತೆ ಅಂಕವನ್ನು ಹೊಂದಿಸಿದರಾಯಿತು' ಎಂಬುದು ಸಂಖ್ಯಾಶಾಸ್ತ್ರದ ಸಿದ್ಧ ಉತ್ತರ. ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ಗುಂಡಿ. ಸ್ಕಿಜೋಫ್ರೇನಿಯಾ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಗೆ ಇಲ್ಲವೇ ಇಪ್ಪತ್ತರ ಹರೆಯದಲ್ಲಿ. ಪಿಯುಸಿ ಅರ್ಧಕ್ಕೆ ಬಿಟ್ಟ ಹುಡುಗ ಬಿಟ್ಟದ್ದೇ ರೋಗದ ಮೊದಲ ನೆರಳು ಬಿದ್ದಾಗ ಇರಬಹುದು. ಅವನನ್ನು ಹತ್ತನೆಯ ತರಗತಿಗೆ ನಿಂತ ಆರೋಗ್ಯವಂತನ ಜೊತೆ ಹೋಲಿಸಿದರೆ ರೋಗ ಕಿತ್ತುಕೊಂಡದ್ದರಲ್ಲಿ ಒಂದು ಪಾಲನ್ನು ನಾವೇ ಲೆಕ್ಕದಿಂದ ತೆಗೆದಂತಾಯಿತು. ಮನೋವಿಜ್ಞಾನಿ ಪಾಲ್ ಮೀಲ್ 1970ರಲ್ಲೇ ಇಂಥ ಹೊಂದಾಣಿಕೆಯ ದೋಷವನ್ನು ಎತ್ತಿ ತೋರಿಸಿದ್ದರು. ಹೋಲಿಕೆಗೆ ಒಡಹುಟ್ಟಿದವರನ್ನು ಕರೆಯುವುದು, ತಂದೆತಾಯಿಯ ಓದನ್ನು ದಾಖಲಿಸುವುದು, ರೋಗಿ ಶಾಲೆ ಬಿಟ್ಟ ಕಾರಣವನ್ನು ಕೇಳಿ ಬರೆದುಕೊಳ್ಳುವುದು ಅಂಕ ಹೊಂದಿಸುವುದಕ್ಕಿಂತ ಕಟ್ಟುನಿಟ್ಟಾದ ದಾರಿ. ಬಡತನಕ್ಕೆ ಬಿಟ್ಟ ಶಾಲೆ ಬೇರೆ, ಮಂಕು ಕವಿದು ಬಿಟ್ಟ ಶಾಲೆ ಬೇರೆ.

ಅನುವಾದದ ತೊಡಕು ಇನ್ನೂ ಸೂಕ್ಷ್ಮ. ಅಂಕೆಗಳನ್ನು ಕೇಳಿ ಮರುನುಡಿಯುವ ಪರೀಕ್ಷೆ ಯಾವ ಭಾಷೆಗೂ ಸುಲಭವಾಗಿ ಹೊಂದುತ್ತದೆಂದು ತೋರುತ್ತದೆ. ಆದರೆ ಇಂಗ್ಲಿಷಿನ ಅಂಕೆಗಳಲ್ಲಿ ಹೆಚ್ಚಿನವು ಒಂದೇ ಉಚ್ಚಾರಾಂಶದವು. ಕನ್ನಡದಲ್ಲಿ ಒಂದು, ಮೂರು, ನಾಲ್ಕು ಎಲ್ಲವೂ ಎರಡೆರಡು ಉಚ್ಚಾರಾಂಶದವು, 'ಎರಡು', 'ಒಂಬತ್ತು' ಮೂರು ಮೂರರವು. ಉಚ್ಚಾರಣೆ ಉದ್ದವಾದಷ್ಟೂ ನೆನಪಿನಲ್ಲಿ ಹಿಡಿಯುವ ಪದಗಳು ಕಡಿಮೆ ಎಂದು ಬ್ಯಾಡ್ಲಿ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದರು. 1980ರಲ್ಲಿ ವೆಲ್ಶ್ ಭಾಷಿಕರಲ್ಲಿ ಇದೇ ಕಂಡಿತು. ಇನ್ನು ನಮ್ಮವರು ಫೋನ್ ನಂಬರನ್ನು ಇಂಗ್ಲಿಷಿನಲ್ಲೂ ಸಂತೆಯ ಲೆಕ್ಕವನ್ನು ಕನ್ನಡದಲ್ಲೂ ಹೇಳುತ್ತಾರೆ. ದೊಡ್ಡಬಳ್ಳಾಪುರ, ಹೊಸಕೋಟೆಗಳ ಎಷ್ಟೋ ಮನೆಗಳ ಮಾತು ತೆಲುಗು. ಯಾವ ಭಾಷೆಯಲ್ಲಿ ಎಣಿಸಿದರೆಂಬುದು ಉತ್ತರಪತ್ರಿಕೆಯಲ್ಲಿ ಇಲ್ಲದಿದ್ದರೆ ಆ ಅಂಕ ಅಪೂರ್ಣ.

ಮೇಲೆ ಉಳಿಸಿಕೊಂಡ ಪ್ರಾಣಿಗಳ ಪಟ್ಟಿಯೂ ಕಣ್ಣುಮುಚ್ಚಿ ಕೊಡುವಂಥದಲ್ಲ. ಒಂದು ನಿಮಿಷದಲ್ಲಿ ಎಷ್ಟು ಹೆಸರು ಬಂದವೆಂದು ಎಣಿಸುವ ಇದಕ್ಕೆ ಓದು ಬೇಡ, ಪರಿಕರ ಬೇಡ, ಅದಕ್ಕಾಗಿ ನನಗಿದು ಪ್ರಿಯ. ಆದರೆ ಆಡುಮಾತಿನ 'ಪ್ರಾಣಿ' ಹೆಚ್ಚಾಗಿ ನಾಲ್ಕು ಕಾಲಿನದು. ಪಕ್ಷಿ, ಮೀನು, ಹುಳುಗಳೂ ಸೇರುತ್ತವೆಂದು ಮೊದಲೇ ಹೇಳದಿದ್ದರೆ ರೇಷ್ಮೆ ಸಾಕುವವನೂ ರೇಷ್ಮೆಹುಳುವನ್ನು ಹೇಳುವುದಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೋಡಿ ಬೆಳೆದವನು ಹಸು, ಎತ್ತು, ಹೋರಿ, ಕಡಸು, ಕರು ಎಂದು ಸಾಲಾಗಿ ಹೇಳಿದರೆ ಅವು ಐದೋ ಒಂದೋ? ಟಗರು, ಹೋತಗಳನ್ನು ಕುರಿ, ಮೇಕೆಗಳಿಂದ ಬೇರೆ ಎಣಿಸಬೇಕೋ? ನಾನಾದರೆ ಐದೂ ಎಣಿಸುತ್ತೇನೆ. ಅವು ಅವನ ಬದುಕಿನಲ್ಲಿ ಬೇರೆ ಬೇರೆ ಬೆಲೆಯ, ಬೇರೆ ಬೇರೆ ಕೆಲಸದ ಜೀವಗಳು. ಬೇರೊಬ್ಬ ಸಂಶೋಧಕರು ಒಪ್ಪದಿರಬಹುದು. ನಿಯಮ ಮಾತ್ರ ಮೊದಲ ರೋಗಿಯನ್ನು ನೋಡುವ ಮುನ್ನವೇ ಬರಹಕ್ಕೆ ಇಳಿದಿರಬೇಕು.

ನಾವು ಬರಿಗೈಯಲ್ಲಿಲ್ಲ. ಶೋಭಿನಿ ರಾವ್, ಸುಬ್ಬಕೃಷ್ಣ, ಗೋಪುಕುಮಾರ್ ಅವರು 2004ರಲ್ಲಿ ಪ್ರಕಟಿಸಿದ ನಿಮ್ಹಾನ್ಸ್ ನರಮನೋವೈಜ್ಞಾನಿಕ ಪರೀಕ್ಷಾಗುಚ್ಛದಲ್ಲಿ ವಯಸ್ಸು, ಲಿಂಗ, ಓದಿಗೆ ತಕ್ಕ ಮಾನಕಗಳಿವೆ. ಅನಕ್ಷರಸ್ಥರೂ ಅದರಲ್ಲಿ ಪ್ರತ್ಯೇಕ ಗುಂಪು. ಅಕ್ಷರ ಬೇಡದ ಬಣ್ಣದ ಜಾಡಿನ ಪರೀಕ್ಷೆಯನ್ನು ಅದು ಒಳಗೊಂಡಿದೆ, ಆದರೆ ಅಂಕೆ ಗೊತ್ತಿರಬೇಕು, ಸೀಸದಕಡ್ಡಿಯೂ ಪಳಗಿರಬೇಕು. ಸಾಮಾಜಿಕ ಅರಿವಿಗೆ ನಿಮ್ಹಾನ್ಸ್‌ನಲ್ಲೇ ಭಾರತೀಯ ಮುಖಗಳ ಭಾವ ಗುರುತಿಸುವ ಟ್ರೆಂಡ್ಸ್, ಬಳಿಕ 2011ರಲ್ಲಿ ಊರ್ವಕ್ಷ ಮೆಹ್ತಾ ಮತ್ತು ಸಂಗಡಿಗರ ಸಾಕ್ರಟಿಸ್ ಎಂಬ ಪರೀಕ್ಷೆಗಳು ಬಂದವು. ಪಕ್ಕದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಹಳ್ಳಿಗರ ಅರಿವನ್ನು ವರ್ಷಗಟ್ಟಲೆ ಅಳೆಯುವ ಅಧ್ಯಯನ ನಡೆದಿದೆ. ಅದು ಮುಪ್ಪಿನ ಪ್ರಶ್ನೆಗೆ ಹುಟ್ಟಿದ್ದು, 22ರ ಹರೆಯದ ರೋಗಿಗೆ ಅದರ ಅಂಕಗಳನ್ನು ಎರವಲು ತರಲಾಗದು.

ನಿಮ್ಹಾನ್ಸ್‌ನ ಪೂರ್ಣ ಗುಚ್ಛವನ್ನು ಕೊಡಲು ತಾಸುಗಟ್ಟಲೆ ಬೇಕು. ಆ ದಿನದ ಕೂಲಿ ಬಿಟ್ಟು ನೆಲಮಂಗಲಕ್ಕೆ ಬಸ್ಸಿನಲ್ಲಿ ಬಂದವರಿಂದ ಅಷ್ಟು ಕೇಳುವುದು ನ್ಯಾಯವಲ್ಲ, ದಣಿದ ಮನಸ್ಸಿನ ಅಂಕ ನಂಬಿಕೆಗೂ ಅರ್ಹವಲ್ಲ. ಪದಪಟ್ಟಿ, ಪ್ರಾಣಿಗಳ ಹೆಸರು, ಗುಬಟುಗಳ ಸಾಲು, ಅಂಕೆಯೂ ಸೀಸದಕಡ್ಡಿಯೂ ಪಳಗಿದವರಿಗೆ ಬಣ್ಣದ ಜಾಡು, ಮುಖಭಾವ ಗುರುತಿಸುವಿಕೆ ಎಂಬ ಐದನ್ನು ಚೆನ್ನಾಗಿ ಕೊಡುವುದು ಮೇಲೆಂಬುದು ನನ್ನ ನಿಲುವು. ಚಿಕಿತ್ಸೆಯ ಪರಿಣಾಮ ನೋಡುವ ಅಧ್ಯಯನವಾದರೆ ಪದಪಟ್ಟಿಗೆ ಸಮತೂಕದ ಎರಡನೆಯ, ಮೂರನೆಯ ರೂಪ ಸಿದ್ಧವಿರಬೇಕು. ಇಲ್ಲದಿದ್ದರೆ ಅಭ್ಯಾಸದಿಂದ ಏರಿದ ಅಂಕ ಚೇತರಿಕೆಯ ವೇಷ ತೊಡುತ್ತದೆ.

ಔಷಧದ ವಿಚಾರ ಇಲ್ಲಿ ಬಿಡುವಂತಿಲ್ಲ. ಕೈನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ನೆನಪನ್ನು ಕುಗ್ಗಿಸುತ್ತದೆ, ನಡುಕವೂ ಬಿಗಿತವೂ ವೇಗದ ಅಂಕವನ್ನು ಕುಗ್ಗಿಸುತ್ತವೆ. ಮಾತ್ರೆಯ ಹೆಸರು, ಪ್ರಮಾಣ, ಕೊನೆಯದಾಗಿ ನುಂಗಿದ ಹೊತ್ತು ಅಂಕದ ಪಕ್ಕದಲ್ಲೇ ಇರಬೇಕು. ಅಂತೆಯೇ ಕಿವಿ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗದ ಸದ್ದಿನ ನಡುವೆ ವರ್ಷಗಳನ್ನು ಕಳೆದವರಿಗೆ ಪದಪಟ್ಟಿ ಓದುವ ಮುನ್ನ, ಅದೇ ದನಿಯಲ್ಲಿ ಹೇಳಿದ ನಾಲ್ಕು ಬೇರೆ ಪದಗಳನ್ನು ಅವರು ತಿರುಗಿ ಹೇಳಬಲ್ಲರೇ ಎಂದು ನೋಡಬೇಕು.

ಕೊನೆಗೆ, ಅಂಕವನ್ನು ಯಾವುದಕ್ಕೆ ತಾಳೆ ನೋಡುವುದು? ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬಳಸುವ ಐಡಿಯಾಸ್ ಮಾಪಕ ಸ್ವಂತ ಆರೈಕೆ, ಜನರೊಡನಾಟ, ಸಂವಹನ, ಕೆಲಸ ಎಂದು ನಾಲ್ಕನ್ನು ಕೇಳುತ್ತದೆ. ಅದರ 'ಕೆಲಸ'ದ ಕೆಳಗೆ ಊರಿನ ಕೆಲಸವನ್ನೇ ಬಿಡಿಸಿ ಕೇಳಬೇಕು: ಹಾಸಿನ ಎಳೆ ಕಡಿದದ್ದು ಎಷ್ಟು ಹೊತ್ತಿಗೆ ಕಣ್ಣಿಗೆ ಬೀಳುತ್ತದೆ, ಹುಳುವಿಗೆ ಸೊಪ್ಪು ಹಾಕುವ ಸಮಯ ತಪ್ಪುತ್ತದೆಯೇ, ಡೈರಿಗೆ ಹಾಕಿದ ಹಾಲಿನ ಲೆಕ್ಕ ಸಂಜೆಗೆ ನೆನಪಿದೆಯೇ.