ಫ್ಲಬೆಲ್ಲಮ್
ಕ್ರೈಸ್ತ ಬಲಿಪೂಜೆಯಲ್ಲಿ ಬಳಸುವ ಉದ್ದ ಹಿಡಿಯ ಬೀಸಣಿಗೆ. ದ್ರಾಕ್ಷಾರಸದ ಪಾತ್ರೆಗೆ ನೊಣ ಬೀಳದಂತೆ ಕಾಯುವುದೇ ಇದರ ಮೂಲ ಕೆಲಸ. ಬಲಿಪೀಠದ ಎರಡೂ ಬದಿ ನಿಂತ, ಪಾದ್ರಿಗೆ ನೆರವಾಗುವ ಡೀಕನ್‌ಗಳು ತೆಳು ಚರ್ಮ, ನವಿಲುಗರಿ ಇಲ್ಲವೇ ನವಿರು ಬಟ್ಟೆಯ ಬೀಸಣಿಗೆಯನ್ನು ಮೆಲ್ಲಗೆ ಬೀಸಬೇಕೆಂದು 4ನೆಯ ಶತಮಾನದ ‘ಅಪೊಸ್ತಲರ ಕಟ್ಟಳೆಗಳು’ ಎಂಬ ಗ್ರಂಥ ವಿಧಿಸುತ್ತದೆ. ಪೂರ್ವದ ಕ್ರೈಸ್ತ ಸಭೆಗಳಲ್ಲಿ ಇದು ಲೋಹದ ತಟ್ಟೆಯ ರೂಪ ತಾಳಿ ದೇವದೂತರ ರೆಕ್ಕೆಯ ಸಂಕೇತವಾಯಿತು. ಸಿರಿಯಾದಲ್ಲಿ ಸಿಕ್ಕ 6ನೆಯ ಶತಮಾನದ ಬೆಳ್ಳಿ ಬೀಸಣಿಗೆಯೊಂದರ ಕೆತ್ತನೆ ಬಹಳ ಸೊಗಸಾದುದು: ನಡುವೆ ರೆಕ್ಕೆಗಳ ಕೆರೂಬಿ ಎಂಬ ದೇವದೂತ, ಅಂಚಿನ ಸುತ್ತ ನವಿಲುಗರಿ. ಗರಿ ಹೋಗಿ ಬೆಳ್ಳಿ ಬಂದರೂ ಅಕ್ಕಸಾಲಿಗ ಗರಿಯನ್ನು ಕೈಬಿಡಲಿಲ್ಲ. ಕೇರಳದ ಸಿರಿಯನ್ ಚರ್ಚುಗಳಲ್ಲಿ ‘ಮರ್ಬಹಾಸಾ’ ಎನ್ನುವ ಬೀಸಣಿಗೆಯ ಅಂಚಿಗೆ ಕಿರುಗೆಜ್ಜೆಗಳಿದ್ದು, ಪೂಜೆಯ ಮುಖ್ಯ ಘಟ್ಟಗಳಲ್ಲಿ ಅದನ್ನು ಅಲುಗಿಸಿ ನಾದ ಹೊಮ್ಮಿಸುತ್ತಾರೆ. ರೋಮ್‌ನಲ್ಲಿ ಪೋಪರ ಮೆರವಣಿಗೆಗೆ ಉಷ್ಟ್ರಪಕ್ಷಿಯ ಬಿಳಿಗರಿಯ ಜೋಡಿ ಬೀಸಣಿಗೆಗಳಿದ್ದವು. 20ನೆಯ ಶತಮಾನದಲ್ಲಿ ಆ ಬಳಕೆ ನಿಂತಿತು.